ಪ್ರೊಮೀಥಿಯಸ್ ನಾಲ್ಕು ಡಿಸ್ಕಿನ ಪೆಟ್ಟಿಗೆ: ಬೈದುಕೊಂಡೇ ಮೂರು ಸಲ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ಈ ಸಿನಿಮಾ ವಿಷಯದಲ್ಲಿ ನಾನು ನಡುವೆ ನಿಂತು ನ್ಯಾಯ ಹೇಳುವವನಲ್ಲ. 2012ರ ಜೂನ್‌ನಲ್ಲಿ ತ್ರೀಡಿ ಕನ್ನಡಕ ಹಾಕಿಕೊಂಡು 'ಪ್ರೊಮೀಥಿಯಸ್' ಎಂಬ ಹಾಲಿವುಡ್ಡಿನ ಬಾಹ್ಯಾಕಾಶ ಸಿನಿಮಾ ನೋಡಿ, ಹೊರಗೆ ಬಂದು ಪಾರ್ಕಿಂಗಿನಲ್ಲೇ ಗೆಳೆಯನ ಜೊತೆ ಮುಕ್ಕಾಲು ಗಂಟೆ ಜಗಳ ಆಡಿದವನು. "ಏನ್ ಸಿನಿಮಾ ಗುರೂ" ಅಂತ ಅವನು, "ಟಿಕೆಟ್ ದುಡ್ಡು ನೀನೇ ಕೊಡು" ಅಂತ ನಾನು. ಆಮೇಲೆ ಅವನು ಬೇರೆ ಊರಿಗೆ ಹೋದ, ಜಗಳ ಮಾತ್ರ ಫೋನಿನಲ್ಲಿ ಮುಂದುವರಿಯಿತು. ಈಗ ಅದರ ನಾಲ್ಕು ಡಿಸ್ಕಿನ ಬ್ಲೂ-ರೇ ಪೆಟ್ಟಿಗೆ ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕಿತು ಅಂತ ತಗೊಂಡೆ. ಅಷ್ಟು ಬೈದ ಸಿನಿಮಾವನ್ನು ದುಡ್ಡು ಕೊಟ್ಟು ಮನೆಗೆ ತರುತ್ತೀರಲ್ಲ ಅಂತ ಹೆಂಡತಿ ಕೇಳಿದಳು. ಸರಿಯಾದ ಉತ್ತರ ಹೊಳೆಯಲಿಲ್ಲ.

ಪೆಟ್ಟಿಗೆಯಲ್ಲಿ ಏನಿದೆ ಅಂದರೆ, ತ್ರೀಡಿ ಡಿಸ್ಕ್ ಒಂದು, ಮಾಮೂಲಿ ಬ್ಲೂ-ರೇ ಒಂದು, ಹೆಚ್ಚಿನ ಸಾಮಗ್ರಿ ತುಂಬಿದ ಡಿಸ್ಕ್ ಒಂದು, ಜೊತೆಗೆ ಒಂದು ಡಿವಿಡಿ. ತ್ರೀಡಿ ಟಿವಿ ಈಗ ಯಾರ ಮನೆಯಲ್ಲಿದೆ ಹೇಳಿ? ನಮ್ಮಲ್ಲೂ ಇಲ್ಲ. ಆ ಡಿಸ್ಕ್ ಸುಮ್ನೆ ಕೂತಿದೆ. ಕನ್ನಡ ಸಬ್‌ಟೈಟಲ್ ಹುಡುಕಲು ಹೋಗಬೇಡಿ, ಇಂಗ್ಲಿಷಿನದೇ ಗತಿ.

ಇನ್ನು ಮುಂದೆ ಕಥೆಯನ್ನು ಪೂರ್ತಿ ಬಿಚ್ಚಿಡುತ್ತೇನೆ. ನೋಡದೇ ಇರುವವರು ನೋಡಿಕೊಂಡು ಬನ್ನಿ.

1979ರಲ್ಲಿ ರಿಡ್ಲಿ ಸ್ಕಾಟ್ 'ಏಲಿಯನ್' ಮಾಡಿದರು. ಅದರಲ್ಲಿ ಬಾಹ್ಯಾಕಾಶದ ಸರಕು ಹಡಗಿನ ಜನ ಒಂದು ಗೊತ್ತಿಲ್ಲದ ಜಾಗದಲ್ಲಿ ಇಳಿಯುತ್ತಾರೆ. ಅಲ್ಲಿ ಹಾಳುಬಿದ್ದ ವಿಚಿತ್ರ ಹಡಗು. ಒಳಗೆ ದೊಡ್ಡ ಕುರ್ಚಿ, ಅದರಲ್ಲಿ ಕೂತಲ್ಲೇ ಕಲ್ಲಾಗಿಹೋದ ಒಬ್ಬ ದೈತ್ಯ. ಎದೆಯ ಮೂಳೆ ಒಳಗಿಂದ ಹೊರಕ್ಕೆ ಬಾಗಿದೆ. ಯಾರು, ಎಲ್ಲಿಂದ ಬಂದ, ಏನಾಯಿತು, ಒಂದಕ್ಕೂ ಉತ್ತರ ಇಲ್ಲ. ಆಮೇಲೆ ಸಿನಿಮಾ ಅವನ ಕಡೆ ತಿರುಗಿಯೂ ನೋಡುವುದಿಲ್ಲ. ಒಂದು ದೃಶ್ಯಕ್ಕೋಸ್ಕರ ಸುಮಾರು 26 ಅಡಿ ಎತ್ತರದ ಆಕೃತಿ ಕಟ್ಟಿದ್ದರು. ಎಚ್.ಆರ್. ಗೀಗರ್ ಎಂಬ ಸ್ವಿಸ್ ಕಲಾವಿದನ ಕೈಕೆಲಸ. ಅದೂ ಸಾಲದು ಅಂತ, ದೈತ್ಯ ಇನ್ನೂ ದೊಡ್ಡದಾಗಿ ಕಾಣಲಿ ಅಂತ, ಸ್ಕಾಟ್ ತಮ್ಮ ಪುಟ್ಟ ಮಕ್ಕಳಿಗೆ ಬಾಹ್ಯಾಕಾಶದ ಉಡುಪು ತೊಡಿಸಿ ದೂರದ ಶಾಟ್‌ನಲ್ಲಿ ನಿಲ್ಲಿಸಿದ್ದರು. ನಾನು ಇದನ್ನು ನೋಡಿದ್ದು ಕಾಲೇಜಿನಲ್ಲಿದ್ದಾಗ, ಗೀರು ಬಿದ್ದ ವಿಸಿಡಿಯಲ್ಲಿ. ಆ ದೈತ್ಯ ತಲೆಯಿಂದ ಇಳಿಯಲೇ ಇಲ್ಲ.

'ಪ್ರೊಮೀಥಿಯಸ್' ಆ ದೈತ್ಯನ ಕುಲದವರ ಹಿಂದಿನ ಕಥೆ. 33 ವರ್ಷ ಬಿಟ್ಟು ಅದೇ ನಿರ್ದೇಶಕ ಹೇಳಲು ಹೊರಟಿದ್ದು. ಜಗಳದ ಬೇರು ಇರುವುದು ಇಲ್ಲೇ. ಅಷ್ಟು ವರ್ಷ ಪ್ರತಿಯೊಬ್ಬ ಅಭಿಮಾನಿಯೂ ತನ್ನ ತಲೆಯಲ್ಲೇ ಒಂದು ಉತ್ತರ ಕಟ್ಟಿಕೊಂಡಿದ್ದ. ಸ್ಕಾಟ್ ಅವರ ಉತ್ತರ ಆ ಸಾವಿರ ಉತ್ತರಗಳ ಎದುರು ಗೆಲ್ಲಬೇಕಿತ್ತು. ಗೆಲ್ಲುವುದು ಹೇಗೆ?

ಕಥೆ ಚಿಕ್ಕದಾಗಿ: 2089ರಲ್ಲಿ ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಗುಹೆಯೊಂದರಲ್ಲಿ 35 ಸಾವಿರ ವರ್ಷ ಹಳೆಯ ಚಿತ್ರ ಸಿಗುತ್ತದೆ. ಒಬ್ಬ ಎತ್ತರದ ಮನುಷ್ಯ ಆಕಾಶದ ಕಡೆ ಕೈ ತೋರಿಸುತ್ತಿದ್ದಾನೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಬೇರೆ ಬೇರೆ ಪ್ರಾಚೀನ ನಾಗರಿಕತೆಗಳಲ್ಲೂ ಅದೇ ಚಿತ್ರ, ಅದೇ ನಕ್ಷತ್ರಗಳ ಜೋಡಣೆ. ನಮ್ಮನ್ನು ಸೃಷ್ಟಿ ಮಾಡಿದವರು ಅಲ್ಲಿದ್ದಾರೆ ಅಂತ ಪುರಾತತ್ವ ವಿಜ್ಞಾನಿ ಎಲಿಜಬೆತ್ ಶಾ ಮತ್ತು ಅವಳ ಗೆಳೆಯ ಹಾಲೊವೇ ನಂಬುತ್ತಾರೆ. ಸಾಯುವ ಹೊತ್ತಿಗೆ ಬಂದ ಕೋಟ್ಯಧಿಪತಿ ವೇಲ್ಯಾಂಡ್ ದುಡ್ಡು ಹಾಕುತ್ತಾನೆ. 17 ಜನರ ಹಡಗು ಎಲ್‌ವಿ-223 ಎಂಬ ಉಪಗ್ರಹಕ್ಕೆ ಹೊರಡುತ್ತದೆ. ಸೃಷ್ಟಿ ಮಾಡಿದವರಿಗೆ ಇವರು ಇಟ್ಟ ಹೆಸರು 'ಇಂಜಿನಿಯರ್‌ಗಳು'. (ಪ್ರಪಂಚವನ್ನೆಲ್ಲ ನಡೆಸುವುದು ಇಂಜಿನಿಯರ್‌ಗಳೇ ಅಂದರೆ ಬೆಂಗಳೂರಿನವರಿಗೆ ಹೊಸ ವಿಷಯ ಏನಲ್ಲ.)

ಈ ಸಲ ಒಬ್ಬನೇ ನೋಡಲಿಲ್ಲ. ಭಾನುವಾರ ಅಕ್ಕನ ಮನೆಯವರು ಬಂದಿದ್ದರು. ಭಾವ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಾರೆ, ಹಳೆಯ 'ಏಲಿಯನ್' ಅಂದರೆ ಅವರಿಗೂ ಪ್ರಾಣ. ಅವರ ಮಗಳು ಇಂಜಿನಿಯರಿಂಗ್ ಎರಡನೇ ವರ್ಷ, ಹಳೆಯದನ್ನು ನೋಡೇ ಇಲ್ಲ. ಊಟ ಮುಗಿಸಿ ಡಿಸ್ಕ್ ಹಾಕಿದೆವು.

ಮೊದಲ ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಐಸ್‌ಲ್ಯಾಂಡಿನ ಡೆಟ್ಟಿಫಾಸ್ ಜಲಪಾತದ ಅಂಚಿಗೆ ಒಬ್ಬ ಬಿಳಿಚಿದ ದೈತ್ಯ ಬಂದು ನಿಂತು, ಬಟ್ಟಲಿನಲ್ಲಿರುವ ಕಪ್ಪು ದ್ರವ ಕುಡಿದು, ಮೈಯೆಲ್ಲ ಒಡೆದು ನೀರಿಗೆ ಬೀಳುತ್ತಾನೆ. ಅವನ ಡಿಎನ್‌ಎ ನೀರಿನಲ್ಲಿ ಕರಗಿ ಹೊಸ ಜೀವ ಆಗುತ್ತದೆ. ಒಂದು ಮಾತೂ ಇಲ್ಲ. ಬ್ಲೂ-ರೇಯಲ್ಲಿ ಆ ನೀರಿನ ಹನಿ ಹನಿಯೂ ಕಾಣುತ್ತದೆ. ಸಿನಿಮಾವನ್ನು ಎಷ್ಟೇ ದ್ವೇಷ ಮಾಡುವವರೂ ಈ ಭಾಗವನ್ನು ಬೈದಿದ್ದು ನಾನಂತೂ ಕೇಳಿಲ್ಲ. ಛಾಯಾಗ್ರಹಣ ಡರಿಯಸ್ ವೋಲ್ಸ್ಕಿ ಅವರದು. ಸೆಟ್‌ಗಳು ನಿಜವಾಗಿ ಕಟ್ಟಿದ ಸೆಟ್‌ಗಳು, ಬರೀ ಹಸಿರು ಪರದೆ ಅಲ್ಲ. ಅದು ಕಣ್ಣಿಗೆ ಗೊತ್ತಾಗುತ್ತದೆ.

ಆಮೇಲೆ ಶುರುವಾಯಿತು ನೋಡಿ ಭಾವನ ಗೊಣಗಾಟ.

ಆ ಉಪಗ್ರಹದಲ್ಲಿ ಇಳಿದಾಗ, ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ, ಉಡುಪು ಇಲ್ಲದೆ ಎರಡು ನಿಮಿಷವೂ ಬದುಕುವುದಿಲ್ಲ ಅಂತ ಹಡಗಿನವರೇ ಹೇಳಿಕೊಳ್ಳುತ್ತಾರೆ. ಅಲ್ಲಿ ಸಿಕ್ಕ ದೈತ್ಯರ ಕಟ್ಟಡದ ಒಳಗೆ ಹೋದ ತಕ್ಷಣ ಗಾಳಿ ಚೆನ್ನಾಗಿದೆ ಅಂತ ಹಾಲೊವೇ ಹೆಲ್ಮೆಟ್ ತೆಗೆಯುತ್ತಾನೆ. ಅವನ ಹಿಂದೆ ಉಳಿದವರೂ ತೆಗೆಯುತ್ತಾರೆ. "ಸೂಕ್ಷ್ಮಾಣು ಅನ್ನೋದೊಂದು ಇರುತ್ತೆ ಅಂತ ನಮ್ಮ ಫಸ್ಟ್ ಪಿಯು ಹುಡುಗರಿಗೂ ಗೊತ್ತು" ಅಂದರು ಭಾವ. ಜಾಗದ ನಕ್ಷೆ ತೆಗೆಯುವ ಯಂತ್ರಗಳನ್ನು ಹಾರಿಬಿಟ್ಟ ಭೂವಿಜ್ಞಾನಿ ಫೈಫೀಲ್ಡ್, ಅವನೇ ಅಲ್ಲಿ ದಾರಿ ತಪ್ಪುತ್ತಾನೆ. ಜೀವವಿಜ್ಞಾನಿ ಮಿಲ್‌ಬರ್ನ್ ಸತ್ತ ದೈತ್ಯನನ್ನು ನೋಡಿ ಹೆದರಿ ಹಿಂದೆ ಹೋದವನು, ರಾತ್ರಿ ಹಾವಿನಂಥ ಜೀವಿ ಹೆಡೆ ಎತ್ತಿದಾಗ ಮಾತ್ರ ಮನೆಯ ಬೆಕ್ಕಿನ ಮರಿಯ ಹಾಗೆ ಮುದ್ದು ಮಾಡಲು ಹೋಗುತ್ತಾನೆ. ಭಾವ ಎದ್ದು ನಿಂತರು. "ಹೆಡೆ ಎತ್ತಿದೆ ಕಣಯ್ಯಾ!" ಅಂತ ಟಿವಿಗೆ ಹೇಳಿದರು. ನಾಗರಹಾವು ನೋಡಿ ಬೆಳೆದ ಯಾರಿಗಾದರೂ ಹಾಗೇ ಅನ್ನಿಸುತ್ತದೆ ಬಿಡಿ.

ಅವರಿಗೆ ನಿಜವಾಗಿ ಕೋಪ ಬಂದದ್ದು ಡಿಎನ್‌ಎ ವಿಷಯಕ್ಕೆ. ದೈತ್ಯನ ಡಿಎನ್‌ಎ ನಮ್ಮದಕ್ಕೆ ಪೂರ್ತಿ ಹೊಂದಿತು ಅಂತ ಪರದೆಯ ಮೇಲೆ ತೋರಿಸುತ್ತಾರೆ. ಪೂರ್ತಿ ಹೊಂದಿದರೆ ಅವನು ಅಷ್ಟು ಎತ್ತರ, ಅಷ್ಟು ಬಿಳಿ, ಕಣ್ಣು ಅಷ್ಟು ಕಪ್ಪು ಯಾಕೆ? ಮನುಷ್ಯ ಮನುಷ್ಯರ ನಡುವೆಯೇ ವ್ಯತ್ಯಾಸ ಇರುತ್ತದಲ್ಲ? ಮತ್ತೆ ಚಿಂಪಾಂಜಿಗೂ ನಮಗೂ ಇರುವ ನಂಟನ್ನು ಎಲ್ಲಿಗೆ ಹಾಕುವುದು? ನಾನು ಪಾಸ್ ಬಟನ್ ಒತ್ತಬೇಕಾಯಿತು. ಹತ್ತು ನಿಮಿಷ ಪಾಠ. ಅಕ್ಕ ಕಾಫಿ ತಂದಳು.

ನನ್ನದೂ ಒಂದು ಸೇರಿಸಿದೆ. ವೇಲ್ಯಾಂಡ್ ಕಂಪನಿಯ ಪರವಾಗಿ ಬಂದ ವಿಕರ್ಸ್ ಒಂದು ಕಡೆ ಭೂಮಿಯಿಂದ ಅರ್ಧ ಬಿಲಿಯನ್ ಮೈಲಿ ದೂರ ಬಂದಿದ್ದೇವೆ ಅನ್ನುತ್ತಾಳೆ. ಅಂದರೆ 80 ಕೋಟಿ ಕಿಲೋಮೀಟರ್. ಅಷ್ಟು ದೂರ ಹೋದರೆ ಸಿಗುವುದು ಗುರುಗ್ರಹ! ಬೇರೆ ನಕ್ಷತ್ರಕ್ಕೆ ಹೋಗುವವರು ಎರಡು ವರ್ಷ ನಿದ್ದೆ ಮಾಡಿ ಗುರುಗ್ರಹದ ಹತ್ತಿರ ಎದ್ದ ಹಾಗಾಯಿತು. ಖಗೋಳ ಬಲ್ಲವರು ಇದನ್ನು ಹಿಡಿದು ಚೆನ್ನಾಗಿಯೇ ಆಡಿಕೊಂಡರು. ಆಮೇಲೆ ಕೊನೆಯಲ್ಲಿ ಚಕ್ರದ ಹಾಗೆ ಉರುಳಿ ಬರುವ ಹಡಗಿನಿಂದ ತಪ್ಪಿಸಿಕೊಳ್ಳಲು ಅದೇ ವಿಕರ್ಸ್ ನೇರವಾಗಿ ಓಡಿದಳಲ್ಲ, ಆ ಓಟ ಅಭಿಮಾನಿಗಳ ನಡುವೆ ಗಾದೆಯೇ ಆಗಿಹೋಗಿದೆ. ಪಕ್ಕಕ್ಕೆ ನಾಲ್ಕು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು.

ಆದರೆ ಒಂದು ಮಾತು. ಹಳೆಯ 'ಏಲಿಯನ್'ನಲ್ಲೂ ಜನ ದಡ್ಡ ಕೆಲಸ ಮಾಡುತ್ತಾರೆ. ಆ ಹಾಳು ಹಡಗಿನಲ್ಲಿ ಏಲಿಯನ್ ಪ್ರಾಣಿಯ ಮೊಟ್ಟೆ ಬಾಯಿ ಬಿಟ್ಟಾಗ ಮುಖ ಒಳಗೆ ಹಾಕಿ ನೋಡಿದವನನ್ನು ಬುದ್ಧಿವಂತ ಅನ್ನಬೇಕಾ? ಅಲ್ಲಿ ನಾವು ಕ್ಷಮಿಸುತ್ತೇವೆ. ಯಾಕೆಂದರೆ ಅವರು ಸರಕು ಹಡಗಿನ ಜನ, ಬೋನಸ್ ಸಿಗುತ್ತದೋ ಇಲ್ಲವೋ ಅಂತ ಒದ್ದಾಡುವ ನಮ್ಮ ಲಾರಿ ಡ್ರೈವರ್‌ಗಳ ಥರದವರು. ಇಲ್ಲಿ ಬಂದವರು ದೊಡ್ಡ ದೊಡ್ಡ ಪದವಿ ಹೊತ್ತ ವಿಜ್ಞಾನಿಗಳು. ಆ ಒಂದು ಬದಲಾವಣೆಯೇ ಎಲ್ಲವನ್ನೂ ಕೆಡಿಸಿತು ಅನ್ನೋದು ನನ್ನ ಲೆಕ್ಕ.

ಅಷ್ಟಾದರೂ ಈ ದಡ್ಡತನವನ್ನೆಲ್ಲ ನಾನು ನುಂಗಿಕೊಳ್ಳಬಲ್ಲೆ. ನನಗೆ ನುಂಗಲಾಗದ್ದು ಬೇರೆ. ಆ ಕುರ್ಚಿಯ ದೈತ್ಯ, ಆನೆಯ ಸೊಂಡಿಲಿನಂಥ ಮುಖ, ಕುರ್ಚಿಯಿಂದಲೇ ಬೆಳೆದ ಹಾಗಿದ್ದ ಮೈ, ಅದೆಲ್ಲ ಬರೀ ಉಡುಪು ಅಂತೆ. ಹೆಲ್ಮೆಟ್ ತೆಗೆದರೆ ಒಳಗೆ ಕೂದಲಿಲ್ಲದ ಒಬ್ಬ ಎತ್ತರದ ಮನುಷ್ಯ! ಕೊನೆಯ ಇಂಜಿನಿಯರ್ ಆಗಿ ನಟಿಸಿದ ಇಯಾನ್ ವೈಟ್ ಏಳಡಿ ಮನುಷ್ಯ, ಹಿಂದೆ ಬಾಸ್ಕೆಟ್‌ಬಾಲ್ ಆಡುತ್ತಿದ್ದವರು. ನಡಿಗೆ, ನಿಲುವು ಎಲ್ಲ ಚೆನ್ನಾಗಿದೆ, ಅವರ ತಪ್ಪೇನಿಲ್ಲ. ಆದರೆ ಮಕ್ಕಳನ್ನು ನಿಲ್ಲಿಸಿ ದೊಡ್ಡದು ಮಾಡಿದ್ದನ್ನು ಅದೇ ನಿರ್ದೇಶಕ ತಾನಾಗಿ ಚಿಕ್ಕದು ಮಾಡಿದರಲ್ಲ, ಅದು ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ಸಿನಿಮಾ ಮುಗಿದ ಮೇಲೆ ಅಕ್ಕನ ಮಗಳು, ನನ್ನ ಸೊಸೆ, ಹೇಳಿದ್ದು: "ಮಾಮ, ನೀವಿಬ್ಬರೂ ಬೇರೆ ಯಾವುದೋ ಸಿನಿಮಾ ನೋಡ್ತಾ ಇದ್ರಿ. ಇದು ಆ ರೋಬೋ ಕಥೆ ಅಲ್ವಾ?"

ಅಲ್ವಾ ಅಂದರೆ ಏನು ಹೇಳುವುದು, ಹೌದು. ಮೈಕಲ್ ಫಾಸ್‌ಬೆಂಡರ್ ಮಾಡಿದ ಡೇವಿಡ್ ಎಂಬ ಯಂತ್ರಮಾನವ ಈ ಸಿನಿಮಾದ ಜೀವ. ಎಲ್ಲರೂ ನಿದ್ದೆಯಲ್ಲಿರುವಾಗ ಎರಡು ವರ್ಷ ಒಬ್ಬನೇ ಹಡಗು ನೋಡಿಕೊಳ್ಳುತ್ತಾನೆ. ಸೈಕಲ್ ಹೊಡೆಯುತ್ತಾ ಬಾಸ್ಕೆಟ್‌ಬಾಲ್ ಎಸೆಯುತ್ತಾನೆ. 'ಲಾರೆನ್ಸ್ ಆಫ್ ಅರೇಬಿಯಾ' ಹಾಕಿಕೊಂಡು ಪೀಟರ್ ಓ'ಟೂಲ್ ಮಾತಾಡುವ ಹಾಗೆ ಮಾತಾಡಲು ಕಲಿಯುತ್ತಾನೆ, ಕೂದಲಿಗೂ ಅದೇ ಬಣ್ಣ ಹಚ್ಚಿಕೊಳ್ಳುತ್ತಾನೆ. ದೇವರ ಜೊತೆ ಮಾತಾಡಬೇಕಾಗಿ ಬಂದರೆ ಇರಲಿ ಅಂತ ಹಳೆಯ ಭಾಷೆಗಳನ್ನು ಕಲಿಯುತ್ತಾನೆ.

ಇಲ್ಲಿ ಒಂದು ಸಣ್ಣ ಸ್ವಾರಸ್ಯ ಇದೆ. ಅವನು ಹೇಳಿಕೊಳ್ಳುವುದು ಕುರಿ ಮತ್ತು ಕುದುರೆಗಳ ಒಂದು ಚಿಕ್ಕ ಕಥೆ. 1868ರಲ್ಲಿ ಷ್ಲೈಖರ್ ಎಂಬ ಜರ್ಮನ್ ಭಾಷಾವಿಜ್ಞಾನಿ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಎಲ್ಲದಕ್ಕೂ ತಾಯಿಯಾದ ಭಾಷೆ ಹೀಗಿದ್ದಿರಬಹುದು ಅಂತ ಊಹಿಸಿ ಬರೆದ ಕಥೆ ಅದು. ಗಮನ ಇಟ್ಟು ಕೇಳಿದರೆ ಕುದುರೆಯ ಹೆಸರಿನಲ್ಲಿ ನಮ್ಮ 'ಅಶ್ವ'ದ ನೆಂಟಸ್ತಿಕೆ ಸಿಗುತ್ತದೆ. ('ಕುದುರೆ' ದ್ರಾವಿಡ ಪದ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.) ಪರದೆಯ ಮೇಲೆ ಡೇವಿಡ್‌ಗೆ ಪಾಠ ಹೇಳುವ ಮೇಷ್ಟ್ರು ನಿಜವಾದ ಭಾಷಾವಿಜ್ಞಾನಿ, ಅನಿಲ್ ಬಿಲ್ಟೂ. ಸಿನಿಮಾಕ್ಕೆ ಆ ಭಾಷೆ ಹೊಂದಿಸಿಕೊಟ್ಟವರೂ ಅವರೇ. ಇಂಥ ಕಡೆ ಇಷ್ಟು ಶ್ರದ್ಧೆ ತೋರಿಸಿದವರು ಹೆಲ್ಮೆಟ್ ವಿಷಯದಲ್ಲಿ ಯಾಕೆ ಮಲಗಿಬಿಟ್ಟರೋ!

ಇಡೀ ಸಿನಿಮಾ ನಿಂತಿರುವುದು ಒಂದು ಪುಟ್ಟ ಮಾತುಕತೆಯ ಮೇಲೆ. ಸೃಷ್ಟಿ ಮಾಡಿದವರು ಎಲ್ಲ ಸತ್ತಿದ್ದಾರೆ ಅಂತ ಬೇಜಾರಾಗಿ ಹಾಲೊವೇ ಕುಡಿಯುತ್ತಾ ಕೂತಿದ್ದಾನೆ. ನಿಮ್ಮವರು ನನ್ನನ್ನು ಯಾಕೆ ಮಾಡಿದರು ಅಂತ ಡೇವಿಡ್ ಕೇಳುತ್ತಾನೆ. ಮಾಡಲು ಬರುತ್ತಿತ್ತು, ಮಾಡಿದೆವು, ಅಷ್ಟೇ ಅನ್ನುತ್ತಾನೆ ಇವನು. ಹಾಗಾದರೆ ನಿಮ್ಮನ್ನು ಮಾಡಿದವರೂ ನಿಮಗೆ ಇದೇ ಮಾತು ಹೇಳಿದರೆ ಎಷ್ಟು ನಿರಾಸೆ ಆಗಬಹುದು ಯೋಚಿಸಿ ಅನ್ನುತ್ತಾನೆ ಡೇವಿಡ್. ಮುಖದಲ್ಲಿ ಒಂದು ಗೆರೆಯೂ ಬದಲಾಗುವುದಿಲ್ಲ. ಆಮೇಲೆ ಬೆರಳ ತುದಿಯ ಕಪ್ಪು ಹನಿಯನ್ನು ಹಾಲೊವೇ ಲೋಟಕ್ಕೆ ಅದ್ದುತ್ತಾನೆ. 2012ರಲ್ಲಿ ನಾನು ಈ ದೃಶ್ಯವನ್ನು ನೋಡಿಯೇ ಇರಲಿಲ್ಲ ಅನ್ನಬೇಕು. ಕಣ್ಣು ಪರದೆಯ ಮೇಲಿತ್ತು, ತಲೆ ಮಾತ್ರ ಮೊಟ್ಟೆ ಎಲ್ಲಿ, ಏಲಿಯನ್ ಎಲ್ಲಿ ಅಂತ ಹುಡುಕುತ್ತಿತ್ತು. ಆ ಏಲಿಯನ್‌ಗೆ ಹತ್ತಿರದ ಪ್ರಾಣಿ ಬರುವುದು ಕೊನೆಯ ಕ್ಷಣದಲ್ಲಿ, ಅಭಿಮಾನಿಗಳ ಕೈಗೆ ಲಂಚ ತುರುಕಿದ ಹಾಗೆ.

ಶಾ ತನ್ನ ಹೊಟ್ಟೆಯನ್ನು ತಾನೇ ಯಂತ್ರದಲ್ಲಿ ಕೊಯ್ಯಿಸಿಕೊಳ್ಳುವ ದೃಶ್ಯದಲ್ಲಿ ಮಾತ್ರ ಎರಡೂ ಬಣದವರು ಒಂದಾಗುತ್ತಾರೆ. ಆ ಯಂತ್ರ ಗಂಡಸರಿಗೆ ಮಾತ್ರ ಅಂತ ತಿಳಿಯುವುದು, ಇವಳು ಗುಂಡಿ ಒತ್ತಿ ಒತ್ತಿ ಬೇರೆ ದಾರಿ ಹುಡುಕುವುದು, ಅಬ್ಬಾ. ನೂಮಿ ರಪಾಸ್ ಮೈಮರೆತು ನಟಿಸಿದ್ದಾರೆ. ಅಕ್ಕ ಎದ್ದು ಒಳಗೆ ಹೋದಳು.

ಈಗ ಮೂರನೇ ಡಿಸ್ಕ್. ಈ ಪೆಟ್ಟಿಗೆಗೆ ಕೊಟ್ಟ ದುಡ್ಡು ಇದಕ್ಕೇ ಅಂತ ತಿಳಿಯಿರಿ. ಸುಮಾರು ಮೂರೂವರೆ ಗಂಟೆಯ ತಯಾರಿಯ ಸಾಕ್ಷ್ಯಚಿತ್ರ ಇದೆ. ಪೆಟ್ಟಿಗೆಯಲ್ಲಿ ತೆಗೆದುಹಾಕಿದ ದೃಶ್ಯಗಳೂ ಅರ್ಧ ಗಂಟೆಗಿಂತ ಜಾಸ್ತಿ ಇವೆ, ಅದನ್ನು ನೋಡಿ ನಾನೂ ಭಾವನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಿಲ್‌ಬರ್ನ್‌ಗೆ ಮೊದಲೇ ಒಂದು ಪುಟ್ಟ ಹುಳ ಸಿಕ್ಕಿ, ಬೇರೆ ಲೋಕದ ಜೀವಿ ಸಿಕ್ಕಿತು ಅಂತ ಅವನು ಕುಣಿದಾಡುವ ದೃಶ್ಯ ಇತ್ತಂತೆ! ಅದನ್ನು ಇಟ್ಟಿದ್ದರೆ ಆಮೇಲೆ ಹಾವಿನ ಮುಂದೆ ಅವನ ಹುಚ್ಚಾಟಕ್ಕೆ ಸ್ವಲ್ಪವಾದರೂ ಅರ್ಥ ಸಿಗುತ್ತಿತ್ತು. ಇನ್ನೊಂದರಲ್ಲಿ, ದೀರ್ಘ ನಿದ್ದೆಯಿಂದ ಎದ್ದ ಆ ಕೊನೆಯ ಇಂಜಿನಿಯರ್ ಬಾಯಿ ಬಿಟ್ಟು ಮಾತಾಡುತ್ತಾನೆ. ಥಿಯೇಟರಿನಲ್ಲಿ ನಾವು ನೋಡಿದ್ದು ಏನು? ಡೇವಿಡ್ ಏನೋ ಹೇಳುತ್ತಾನೆ, ದೈತ್ಯ ಅವನ ತಲೆ ಸವರಿ, ಕಿತ್ತು, ಅದರಿಂದಲೇ ವೇಲ್ಯಾಂಡ್‌ನನ್ನು ಹೊಡೆಯುತ್ತಾನೆ. ದೇವರು ಯಾಕೆ ಕೋಪ ಮಾಡಿಕೊಂಡ ಅಂತ ಗೊತ್ತಾಗದೆ ಎಷ್ಟು ಜನ ತಲೆ ಕೆರೆದುಕೊಂಡಿಲ್ಲ. ಮಾತುಕತೆ ಪೂರ್ತಿ ಇದ್ದರೆ ಎಲ್ಲವೂ ತಿಳಿಯುತ್ತದೆ ಅಂತಲ್ಲ, ಆದರೆ ಸಾಯಲು ಇಷ್ಟವಿಲ್ಲದ ಒಬ್ಬ ಮುದುಕ ಇನ್ನೂ ಆಯಸ್ಸು ಕೊಡು ಅಂತ ಬಂದು ನಿಂತಿದ್ದಾನೆ ಅನ್ನುವುದಾದರೂ ದಪ್ಪ ಅಕ್ಷರದಲ್ಲಿ ಕಾಣುತ್ತದೆ.

ಇವನ್ನೆಲ್ಲ ಯಾಕೆ ಕತ್ತರಿಸಿದರು? ಓಟ ಚುರುಕಾಗಲಿ ಅಂತ ಇರಬಹುದು. ಈಗಲೇ 124 ನಿಮಿಷ ಇದೆ. ನನ್ನನ್ನು ಕೇಳಿದರೆ ಇನ್ನೊಂದು ಹತ್ತು ನಿಮಿಷ ಕೂರುತ್ತಿದ್ದೆವು ಸ್ವಾಮಿ.

ಸಿನಿಮಾ ಓಡುತ್ತಿರುವಾಗಲೇ ಮಾಡಿದವರು ಅದರ ಬಗ್ಗೆ ಮಾತಾಡುವ ಕಾಮೆಂಟರಿ ಟ್ರ್ಯಾಕ್ ಎರಡು ಇವೆ. ಒಂದು ಸ್ಕಾಟ್ ಅವರದು, ಇನ್ನೊಂದು ಬರಹಗಾರರಾದ ಜಾನ್ ಸ್ಪೈಟ್ಸ್ ಮತ್ತು ಡೇಮನ್ ಲಿಂಡೆಲಾಫ್ ಅವರದು. ಸ್ಪೈಟ್ಸ್ ಮೊದಲು ಬರೆದ ಚಿತ್ರಕಥೆ ನೇರವಾಗಿ ಏಲಿಯನ್ ಕಥೆಯೇ ಆಗಿತ್ತು. ಲಿಂಡೆಲಾಫ್ ಬಂದು ಅದನ್ನು ಹಳೆಯದರಿಂದ ದೂರ ಎಳೆದರು. ಹಾಗಾಗಿ ಒಂದು ಬಣಕ್ಕೆ ಎಲ್ಲ ಪಾಪಕ್ಕೂ ಲಿಂಡೆಲಾಫ್ ಒಬ್ಬರೇ ಕಾರಣ. ಅದು ಅನ್ಯಾಯ ಅನ್ನಿಸುತ್ತದೆ. ಆ ದೂರ ಸ್ಕಾಟ್ ಅವರಿಗೇ ಬೇಕಾಗಿತ್ತು. ಬಿಡುಗಡೆಗೆ ಮೊದಲೇ ಇದು ನೇರವಾದ ಹಿಂದಿನ ಕಥೆ ಅಲ್ಲ, ಏಲಿಯನ್‌ನ ಡಿಎನ್‌ಎ ಎಳೆ ಮಾತ್ರ ಇದೆ ಅಂತ ಅವರು ಹೇಳಿಕೊಂಡು ಬಂದಿದ್ದರು. ನಾವೇ ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಳ್ಳದ ಹಾಗೆ ಪ್ರಚಾರವೂ ಇತ್ತು ಅನ್ನಿ: ಟ್ರೇಲರ್‌ನಲ್ಲಿ ಹಳೆಯ ಟ್ರೇಲರಿನ ಅದೇ ಕಿರುಚುವ ಸದ್ದು, ಅದೇ ಥರ ಒಂದೊಂದೇ ಗೆರೆಯಾಗಿ ಮೂಡುವ ಅಕ್ಷರ. ಪ್ರಚಾರಕ್ಕೆ ಅಂತ ಮಾಡಿದ, ವೇಲ್ಯಾಂಡ್ 2023ರಲ್ಲಿ ಭಾಷಣ ಮಾಡುವ ತುಣುಕೂ ಪೆಟ್ಟಿಗೆಯಲ್ಲಿದೆ. ಅದನ್ನು ಮಾಡಿದ್ದು ಸ್ಕಾಟ್ ಅವರ ಮಗ ಲ್ಯೂಕ್. ಸಿನಿಮಾದಲ್ಲಿ ವೇಲ್ಯಾಂಡ್‌ಗೆ ಹಾಕಿದ ಮುದುಕನ ಮೇಕಪ್ ನಾಟಕದ ಕಂಪನಿಯ ಮಟ್ಟಕ್ಕಿದೆ. ಆ ತುಣುಕಿನಲ್ಲಿ ಅದೇ ಗೈ ಪಿಯರ್ಸ್ ತಮ್ಮ ಸ್ವಂತ ಮುಖದಲ್ಲಿ ಎಷ್ಟು ಚೆನ್ನಾಗಿದ್ದಾರೆ.

ಇಷ್ಟು ಬೈಗುಳ ತಿಂದ ಸಿನಿಮಾ ಸೋತಿತಾ ಅಂದರೆ ಅದೂ ಇಲ್ಲ. ಸುಮಾರು 13 ಕೋಟಿ ಡಾಲರ್ ಹಾಕಿದ್ದಕ್ಕೆ 40 ಕೋಟಿ ಡಾಲರ್ ಬಂತು. ರೋಜರ್ ಈಬರ್ಟ್‌ರಂಥ ಹಿರಿಯ ವಿಮರ್ಶಕರು ನಾಲ್ಕಕ್ಕೆ ನಾಲ್ಕು ನಕ್ಷತ್ರ ಕೊಟ್ಟರು. ಆದರೂ 2017ರ 'ಏಲಿಯನ್: ಕವನೆಂಟ್' ಎಂಬ ಮುಂದಿನ ಭಾಗದ ಹೊತ್ತಿಗೆ ಸ್ಕಾಟ್ ಬೈದವರ ಕಡೆ ವಾಲಿದರು. ಮೊಟ್ಟೆ ಬಂತು, ಏಲಿಯನ್ ಬಂತು. ಶಾಳನ್ನು ಮಾತ್ರ ಕಥೆ ಶುರುವಾಗುವ ಮೊದಲೇ ಪರದೆಯ ಹಿಂದೆ ಸಾಯಿಸಿಬಿಟ್ಟರು, ಇಂಜಿನಿಯರ್‌ಗಳ ಊರಿಗೆ ಊರೇ ಒಂದು ದೃಶ್ಯದಲ್ಲಿ ನಾಶ. ನಮ್ಮನ್ನು ಮಾಡಿದವರು ನಮ್ಮನ್ನೇ ಕೊಲ್ಲಲು ಯಾಕೆ ಹೊರಟರು ಅಂತ ಕೇಳಲು ಶಾ ಹೊರಟಿದ್ದಳಲ್ಲ, ಆ ಪ್ರಶ್ನೆ ದಾರಿಯಲ್ಲೇ ಸತ್ತಿತು. ಊರು ಬಿಟ್ಟ ನನ್ನ ಗೆಳೆಯ ಅವತ್ತು ಫೋನ್ ಮಾಡಿ, "ನಿಮ್ಮಂಥೋರ ಕಾಟಕ್ಕೇ ಹೀಗಾಗಿದ್ದು ಕಣೋ" ಅಂದ. ಬೈದವನು ನಾನೇ, ಕವನೆಂಟ್ ನನಗೂ ಹಿಡಿಸಲಿಲ್ಲ. 2024ರ 'ಏಲಿಯನ್: ರೊಮುಲಸ್'ನಲ್ಲಿ ಆ ಕಪ್ಪು ದ್ರವ ಮತ್ತೆ ಕಾಣಿಸಿಕೊಂಡಾಗ ಥಿಯೇಟರಿನಲ್ಲಿ ನನಗೇ ಗೊತ್ತಿಲ್ಲದೆ ಒಂದು ಖುಷಿ ಆಯಿತು, ಅದನ್ನು ಅವನಿಗೆ ಇನ್ನೂ ಹೇಳಿಲ್ಲ.

ತಗೊಳ್ಳುವವರಿಗೆ ಎರಡು ಮಾತು. ತ್ರೀಡಿ ಟಿವಿ ಇಲ್ಲದಿದ್ದರೆ ತ್ರೀಡಿ ಡಿಸ್ಕಿಗೆ ಅಂತ ಜಾಸ್ತಿ ದುಡ್ಡು ಕೊಡಬೇಡಿ, ಆದರೆ ಹೆಚ್ಚಿನ ಸಾಮಗ್ರಿಯ ಡಿಸ್ಕ್ ಇರುವ ಪೆಟ್ಟಿಗೆಯನ್ನೇ ಕೇಳಿ ತಗೊಳ್ಳಿ. ಸೆಕೆಂಡ್ ಹ್ಯಾಂಡ್ ಆದರೆ ಡಿಸ್ಕ್ ಹಿಡಿಯುವ ನಡುವಿನ ಹಲ್ಲು ಮುರಿದಿದೆಯಾ ನೋಡಿಕೊಳ್ಳಿ, ನನ್ನದರಲ್ಲಿ ಒಂದು ಮುರಿದಿತ್ತು, ಡಿಸ್ಕ್ ಒಳಗೆ ಲೊಟಲೊಟ ಅನ್ನುತ್ತಿತ್ತು. ಮನೆಯಲ್ಲಿ ಹಳೆಯ 'ಏಲಿಯನ್' ನೋಡದ ಮಕ್ಕಳಿದ್ದರೆ, ದೊಡ್ಡವರಾಗಿದ್ದರೆ, ಮೊದಲು ಇದನ್ನೇ ತೋರಿಸಿ. ಸೊಸೆ ಮುಂದಿನ ವಾರ ಹಳೆಯದನ್ನೂ ನೋಡಿದಳು. ಕುರ್ಚಿಯ ದೈತ್ಯ ಬಂದಾಗ ನಾನು ಅವಳ ಮುಖ ನೋಡುತ್ತಾ ಕೂತಿದ್ದೆ. "ಓ, ಅದೇ ಸೂಟ್ ಅಲ್ವಾ ಮಾಮ?" ಅಂದಳು. ನನ್ನ ಎದೆ ಒಂದು ಸಲ ಧಸಕ್ ಅಂತು.

ಮೂರನೇ ಡಿಸ್ಕ್ ಈಗ ನನ್ನ ಹತ್ತಿರ ಇಲ್ಲ. ಸಾಕ್ಷ್ಯಚಿತ್ರ ಅರ್ಧ ಉಳಿದಿದೆ ಅಂತ ಭಾವ ತಗೊಂಡು ಹೋದರು, ಎರಡು ತಿಂಗಳಾಯಿತು. ಮೊನ್ನೆ ಕೇಳಿದ್ದಕ್ಕೆ, ಆ ಡಿಎನ್‌ಎ ದೃಶ್ಯದ ಬಗ್ಗೆ ಬರಹಗಾರರು ಏನಾದರೂ ಹೇಳಿದ್ದಾರಾ ಅಂತ ಕಾಮೆಂಟರಿ ಕೇಳಬೇಕು, ಇನ್ನೊಂದು ಡಿಸ್ಕೂ ಕಳಿಸಿಕೊಡು ಅಂದರು.